ಅರ್ಧ ಕೇಜಿಯ ಧೈರ್ಯ

ಪಂಚಮಿ ಹಬ್ಬಕ್ಕೆ ತವರುಮನೆ ರೋಣಕ್ಕೆ ಹೋಗಿದ್ದೆ. ಉಂಡಿ ತಿಂದು, ಮಕ್ಕಳ ಜೋಕಾಲಿ ನೋಡುತ್ತ ಪಡಸಾಲೆಯಲ್ಲಿ ಕೂತಿದ್ದಾಗ ನನ್ನ ತಮ್ಮ ಬಂದು ತನ್ನ ಮೊಬೈಲನ್ನು ನನ್ನ ಮುಂದೆ ಹಿಡಿದ.

"ಅಕ್ಕಾ, ಇದನ್ನೊಂಚೂರು ನೋಡು. ಹೆಣ್ಣಮಕ್ಕಳ ಸಲವಾಗಿನ ಸರಕಾರದ ಕಾರ್ಖಾನ್ಯಾಗ ಮಾಡ್ಯಾರ. ಬರೇ ಅರ್ಧಾ ಕೇಜಿ ಐತಿ. ನಮ್ಮ ಹುಡುಗಿ ಬ್ಯಾಗಿನ್ಯಾಗ ಗಪ್ಪನ ಕುಂದರತೈತಿ."

ಯಾವುದೋ ಹೊಸ ನಮೂನೆಯ ಮಿಕ್ಸರ್ ಇರಬೇಕೆಂದು ಕನ್ನಡಕ ಏರಿಸಿ ನೋಡಿದೆ. ರಿವಾಲ್ವರ್! ಥಳಥಳ ಹೊಳೆಯುವ, ಗಿಡ್ಡ ಮೂತಿಯ, ಆರು ಗುಂಡಿನ ರಿವಾಲ್ವರ್.

ನನಗೆ ನಗು ಬಂತು. ಆದರೆ ತಮ್ಮನ ಮುಖ ನೋಡಿ ನಗು ಅಲ್ಲೇ ನಿಂತಿತು. ಅವನ ಮಗಳು ಕೆಲಸದ ಸಲುವಾಗಿ ನನ್ನ ಮನೆಯಲ್ಲೇ ಇರುತ್ತಾಳೆ. ನಾನಿರುವ ಊರಿನ ಹೆಸರು ಇಲ್ಲಿ ಬೇಡ, ಎಲ್ಲ ಊರುಗಳದೂ ಅದೇ ಕತೆ. ಎರಡು ತಿಂಗಳ ಹಿಂದೆ, ಸಂಜೆ ಬಸ್ಸಿಳಿದು ನಮ್ಮ ಓಣಿಗೆ ನಡೆದು ಬರುವಾಗ ಬೈಕಿನ ಮೇಲಿದ್ದ ಇಬ್ಬರು ಅವಳ ಬೆನ್ನು ಹತ್ತಿದ್ದರು. ಹುಡುಗಿ ಕಿರಾಣಿ ಅಂಗಡಿಯೊಂದಕ್ಕೆ ನುಗ್ಗಿ, ಅಂಗಡಿಯವರ ಹೆಂಡತಿಯ ಜೊತೆಗೇ ಮನೆಗೆ ಬಂದಳು. ಅಂದಿನಿಂದ ತಮ್ಮನಿಗೆ ನಿದ್ದೆ ಇಲ್ಲ. ಹೆದರಿದ ತಂದೆಯನ್ನು ನೋಡಿ ನಗಬಾರದು. ಆದರೆ ಅವನು ತೋರಿಸಿದ ವಸ್ತುವನ್ನು ಪರೀಕ್ಷಿಸದೆ ಒಪ್ಪಲೂಬಾರದು. ನಾವು ಹೆಂಗಸರು ಸಂತೆಯಲ್ಲಿ ಬದನೆಕಾಯಿಯನ್ನೂ ತಿರುವಿ ನೋಡಿಯೇ ಕೊಳ್ಳುವವರಲ್ಲವೇ? ಬರೋಣ, ಇದನ್ನೂ ತಿರುವಿ ನೋಡೋಣ.

ಇದರ ಹೆಸರು ನಿರ್ಭೀಕ್. 2012ರ ಡಿಸೆಂಬರ್ 16ರಂದು ದಿಲ್ಲಿಯ ಬಸ್ಸಿನಲ್ಲಿ ನಡೆದ ಆ ಘೋರವನ್ನು ಯಾರು ಮರೆಯುತ್ತಾರೆ? ಆ ಹುಡುಗಿಯನ್ನು ಪತ್ರಿಕೆಗಳು ನಿರ್ಭಯಾ ಎಂದು ಕರೆದವು. ಆ ಹೆಸರಿನ ನೆರಳಿನಲ್ಲೇ 2014ರ ಜನವರಿಯಲ್ಲಿ ಕಾನ್ಪುರದ ಸರಕಾರಿ ಶಸ್ತ್ರಾಸ್ತ್ರ ಕಾರ್ಖಾನೆ ಈ ರಿವಾಲ್ವರನ್ನು ಹೊರತಂದಿತು. ಮೂಲ ಮಾದರಿ ಹೊಸದೇನಲ್ಲ. ಹಳೆಯ ಸಿನಿಮಾಗಳಲ್ಲಿ ಬ್ರಿಟಿಷ್ ಅಧಿಕಾರಿಯ ಸೊಂಟದಲ್ಲಿ ತೂಗುತ್ತಿತ್ತಲ್ಲ, ಆ ವೆಬ್ಲಿ ಅಂಡ್ ಸ್ಕಾಟ್ ರಿವಾಲ್ವರಿನ ಗುಣವನ್ನೂ ಅಮೆರಿಕದ ಸ್ಮಿತ್ ಅಂಡ್ ವೆಸನ್ನಿನ ಗುಣವನ್ನೂ ಬೆರೆಸಿ, ಮೈಯನ್ನು ಹಗುರಾದ ಟೈಟಾನಿಯಂ ಮಿಶ್ರಲೋಹದಲ್ಲಿ ಮಾಡಿದ್ದಾರೆ. ಹಳೆ ಸೀರೆಗೆ ಹೊಸ ಸೆರಗು ಹಚ್ಚಿದ ಹಾಗೆ. ಪಾಯಿಂಟ್ 32 ಬೋರು, ಆರು ಗುಂಡು, ಸುಮಾರು 500 ಗ್ರಾಂ ತೂಕ. ಬೆಲೆ ಆಗಲೇ 1 ಲಕ್ಷ 22 ಸಾವಿರ ರೂಪಾಯಿ ಚಿಲ್ಲರೆ. ಆಗಿನ ದರದಲ್ಲಿ ಹೆಚ್ಚುಕಡಿಮೆ ನಾಲ್ಕು ತೊಲೆ ಬಂಗಾರ! ಬಂಗಾರದ ಹಾಗೆಯೇ ಅದನ್ನು ಒಡವೆ ಪೆಟ್ಟಿಗೆಯಂಥ ಮೆರೂನ್ ಬಣ್ಣದ ಡಬ್ಬಿಯಲ್ಲಿಟ್ಟು ಕೊಟ್ಟರು. ಹೆಂಗಸರಿಗೆ ಕೊಡುವುದು ಬಂದೂಕಾದರೂ ಅದು ಒಡವೆಯ ಹಾಗೆ ಕಾಣಬೇಕು ನೋಡಿ!

ಒಂಬತ್ತು ವರ್ಷಗಳ ಮೇಲೆ, 2023ರ ಆಗಸ್ಟಿನಲ್ಲಿ, ಅದೇ ಕಾನ್ಪುರದಿಂದ 'ಪ್ರಬಲ್' ಬಂತು. ಅದೂ ಪಾಯಿಂಟ್ 32 ಬೋರು, ತೂಕ ಸುಮಾರು 700 ಗ್ರಾಂ. ವೆಬ್ಲಿ ಮಾದರಿಯಲ್ಲಿ ಗುಂಡು ತುಂಬಬೇಕಾದರೆ ನಳಿಗೆಯನ್ನೇ ಮುಂದಕ್ಕೆ ಮಡಚಬೇಕಾಗಿತ್ತು. ಇದರಲ್ಲಿ ಗುಂಡಿನ ಗಾಲಿ ಪಕ್ಕಕ್ಕೆ ಹೊರಳಿ ಬರುತ್ತದೆ. 50 ಮೀಟರ್ ದೂರದವರೆಗೆ ಹೊಡೆಯುತ್ತದೆಂದು ತಯಾರಕರು ಹೇಳಿದರು. ಇದನ್ನೂ ಹೆಣ್ಣುಮಕ್ಕಳು ಪರ್ಸಿನಲ್ಲಿ ಒಯ್ಯಬಹುದೆಂದು ಪತ್ರಿಕೆಗಳು ಬರೆದವು. ನನಗೊಂದು ಪ್ರಶ್ನೆ. ಹೆಣ್ಣುಮಗಳ ಮೇಲೆ ಕೈಮಾಡುವವನು ಎಂದಾದರೂ 50 ಮೀಟರ್ ದೂರದಲ್ಲಿ ನಿಂತಿರುತ್ತಾನೆಯೇ?

ಇನ್ನು ಬ್ಯಾಗಿನ ವಿಷಯ. 2023ರ ಜೂನ್ 11ರಿಂದ ನಮಗೆಲ್ಲ ಬಸ್ಸು ಫುಕಟ್ಟಾಗಿದೆ. ಒಳ್ಳೆಯದೇ ಆಯಿತು. ಎಷ್ಟೋ ಹೆಣ್ಣುಮಕ್ಕಳು ಅದರಿಂದಲೇ ಕೆಲಸ ಹಿಡಿದಿದ್ದಾರೆ, ತವರು ಕಂಡಿದ್ದಾರೆ. ಆದರೆ ನರಗುಂದದ ಬಸ್ಸೋ ಗಜೇಂದ್ರಗಡದ ಬಸ್ಸೋ ಬಂದಾಗ ಬಾಗಿಲಲ್ಲಿ ಹೇಗೆ ನೂಕಾಡುತ್ತೇವೆಂಬುದು ನಿಮಗೆ ಗೊತ್ತಿದೆ. ಬ್ಯಾಗು ಒಬ್ಬರ ಬೆನ್ನಿಗೆ, ಅದರ ಪಟ್ಟಿ ಇನ್ನೊಬ್ಬರ ಕೊರಳಿಗೆ. ಸೀಟು ಹಿಡಿಯಲು ಅದೇ ಬ್ಯಾಗನ್ನು ಕಿಟಕಿಯಿಂದ ಒಳಗೆ ಒಗೆಯುತ್ತೇವೆ. ಅದರಲ್ಲಿ ಊಟದ ಡಬ್ಬಿ, ನೀರಿನ ಬಾಟಲಿ, ಕರ್ಚೀಫು, ಗುಳಿಗೆ, ಕಂಡಕ್ಟರಿಗೆ ತೋರಿಸಲು ಆಧಾರ್ ಕಾರ್ಡು. ಅದರ ನಡುವೆ ಗುಂಡು ತುಂಬಿದ ರಿವಾಲ್ವರ್! ಮನೆಯ ಕೀಲಿಕೈ ಹುಡುಕಲಿಕ್ಕೇ ನಮಗೆ ಐದು ನಿಮಿಷ ಬೇಕು.

ಅಮೆರಿಕದಲ್ಲಿ ಬಂದೂಕು ಮನೆಮಾತು. ಅಲ್ಲಿಯ ಪೊಲೀಸ್ ತರಬೇತುದಾರ ಡೆನ್ನಿಸ್ ಟುಲ್ಲರ್ ಎಂಬವರು 1983ರಲ್ಲಿ ಒಂದು ಲೆಕ್ಕ ಬರೆದಿದ್ದಾರೆ. ಚೂರಿ ಹಿಡಿದವನು 21 ಅಡಿ ದೂರದಿಂದ ಓಡಿ ಬಂದು ಇರಿಯಲು ಒಂದೂವರೆ ಸೆಕೆಂಡು ಸಾಕು. ಸೊಂಟಕ್ಕೇ ಪಿಸ್ತೂಲು ಕಟ್ಟಿಕೊಂಡ, ಪಳಗಿದ ಪೊಲೀಸನಿಗೂ ಅಷ್ಟರಲ್ಲಿ ಅದನ್ನು ತೆಗೆದು ಗುರಿ ಹಿಡಿಯುವುದು ಕಷ್ಟ. ಹಾಗಿದ್ದರೆ ಬ್ಯಾಗಿನ ಜಿಪ್ಪು ಎಳೆಯಬೇಕಾದ ನಮ್ಮ ಹುಡುಗಿಯ ಗತಿ ಏನು?

ಹಗುರ ಎಂಬುದು ಗುಣವೆಂದು ಮಾರುವವರು ಹೇಳುತ್ತಾರೆ. ಹೊರಲು ಹಗುರವೇ. ಆದರೆ ಒಂದೇ ಗುಂಡನ್ನು ಭಾರದ ಬಂದೂಕಿನಿಂದ ಹಾರಿಸುವುದಕ್ಕಿಂತ ಹಗುರ ಬಂದೂಕಿನಿಂದ ಹಾರಿಸಿದಾಗ ಕೈಗೆ ಬಡಿಯುವ ಒದೆತ ಹೆಚ್ಚು. ಗಿಡ್ಡ ನಳಿಗೆಯಲ್ಲಿ ಗುರಿ ಹಿಡಿಯುವುದೂ ಕಷ್ಟ. ವಾರ ವಾರ ಅಭ್ಯಾಸ ಮಾಡಿದವರ ಕೈಗಷ್ಟೇ ಅದು ಒಗ್ಗುತ್ತದೆ. ಅಭ್ಯಾಸಕ್ಕೆ ಗುಂಡು ಬೇಕು. ಗುಂಡೋ, ಲೈಸೆನ್ಸಿನಲ್ಲಿ ಎಷ್ಟು ಬರೆದಿರುತ್ತದೋ ಅಷ್ಟೇ ಸಿಗುತ್ತದೆ. ಲೈಸೆನ್ಸಿಗೆ ಅರ್ಜಿ ಹಾಕಬೇಕು, ಪೊಲೀಸರ ವಿಚಾರಣೆ ಆಗಬೇಕು, ಡಾಕ್ಟರ ಸರ್ಟಿಫಿಕೇಟು ಬೇಕು, 2016ರ ನಿಯಮದಂತೆ ತರಬೇತಿಯ ಪ್ರಮಾಣಪತ್ರವೂ ಬೇಕು. ಈ ನಿಯಮಗಳೆಲ್ಲ ಇರಲೇಬೇಕಾದವು, ನನ್ನ ತಕರಾರಿಲ್ಲ. ಆದರೆ ಸಂಜೆ ಬಸ್ಸಿಳಿದು ಕತ್ತಲಲ್ಲಿ ನಡೆಯುವ, ತಿಂಗಳಿಗೆ ಹದಿನೈದು ಸಾವಿರ ಗಳಿಸುವ ಹುಡುಗಿಗೆ ಇದನ್ನು ರಕ್ಷಣೆ ಎಂದು ತೋರಿಸುವುದು, ಹಸಿದವರಿಗೆ ಗಾಜಿನ ಕಪಾಟಿನೊಳಗಿನ ಮಿಠಾಯಿ ತೋರಿಸಿದ ಹಾಗೆ.

ಇಷ್ಟು ಹೇಳಿದಾಗ ತಮ್ಮ ಸಿಟ್ಟಾದ. "ನೀ ಏನರ ಅನ್ನು ಅಕ್ಕಾ, ನಾವು ಕಿತ್ತೂರ ಚೆನ್ನಮ್ಮನ ನಾಡಿನವರು. ನಿನ್ನ ಗಂಡನ ಊರು ನರಗುಂದ. ಬಾಬಾಸಾಹೇಬ ಯಾತಕ್ಕ ಎದ್ದಾ? ನೀ ಇಂಗ್ರೇಜರಂಗ ಹತಾರ ಇಳಸು ಅಂತಿ!"

ಒಳ್ಳೆಯ ಮಾತು. ಬಂದೂಕಿನ ಬಗ್ಗೆ ಮಾತಾಡುವಾಗ ನಮ್ಮ ಭಾಗದವರು ಇತಿಹಾಸ ಬಿಟ್ಟು ಮಾತಾಡಲಾಗದು. 1857ರಲ್ಲಿ ಇಂಗ್ರೇಜರು ಶಸ್ತ್ರ ಒಪ್ಪಿಸಿರೆಂದು ಕಾಯಿದೆ ತಂದಾಗ ಮುಧೋಳ ಸೀಮೆಯ ಹಲಗಲಿಯ ಬೇಡರು ಒಪ್ಪಲಿಲ್ಲ. ಆ ವರ್ಷದ ನವೆಂಬರಿನಲ್ಲಿ ಅವರ ಊರನ್ನೇ ಸುಟ್ಟರು, ಸಿಕ್ಕವರನ್ನು ಗಲ್ಲಿಗೇರಿಸಿದರು. ಮರುವರ್ಷ ನರಗುಂದದ ಬಾಬಾಸಾಹೇಬರು ಎದ್ದರು. ದತ್ತು ಮಗನಿಗೆ ಹಕ್ಕಿಲ್ಲವೆಂದದ್ದೂ ಆಯುಧ ಕೇಳಿದ್ದೂ ಎರಡೂ ಸೇರಿ ಅವರ ಸಿಟ್ಟು ಹೊತ್ತಿತ್ತು. 1858ರ ಮೇ 29ರ ರಾತ್ರಿ ಸುರೇಬಾನದಲ್ಲಿ ಮ್ಯಾನ್ಸನ್ ಎಂಬ ಅಧಿಕಾರಿಯ ಕೊಲೆಯಾಯಿತು. ಜೂನ್ 12ರಂದು ಬೆಳಗಾವಿಯಲ್ಲಿ ಬಾಬಾಸಾಹೇಬರನ್ನು ಗಲ್ಲಿಗೇರಿಸಿದರು. ನಾನು ನರಗುಂದಕ್ಕೆ ಸೊಸೆಯಾಗಿ ಹೋದಾಗ ಗುಡ್ಡ ತೋರಿಸುತ್ತ ನನ್ನ ಮಾವನವರು ಇದನ್ನೆಲ್ಲ ಹೇಳಿದ್ದರು. ಆ ಜನರಿಗೆ ನಾನು ಕೈಮುಗಿಯುತ್ತೇನೆ. ಅಧಿಕಾರದಲ್ಲಿರುವವನು ನಮ್ಮ ಕೈ ಬರಿದು ಮಾಡಲು ಬಂದರೆ ಅದು ಅವಮಾನವೇ.

ಆದರೆ ಮಾವನವರು ಕತೆಯ ಕಡೆಗೆ ಇನ್ನೊಂದು ಮಾತನ್ನೂ ಹೇಳುತ್ತಿದ್ದರು, ದನಿ ಇಳಿಸಿ. ಕೋಟೆ ಬಿದ್ದ ಮೇಲೆ ಬಾಬಾಸಾಹೇಬರ ತಾಯಿ ಮತ್ತು ಹೆಂಡತಿ ಮಲಪ್ರಭೆಗೆ ಹಾರಿಕೊಂಡರೆಂದು ನಮ್ಮ ಭಾಗದ ಹಿರಿಯರು ಹೇಳುತ್ತ ಬಂದಿದ್ದಾರೆ. ಮೊದಲ ಸಲ ಕೇಳಿದಾಗ ನನಗೆ ಹತ್ತೊಂಬತ್ತು ವರ್ಷ. ಅಂದಿನಿಂದ ಆ ಗುಡ್ಡ ನೋಡಿದಾಗಲೆಲ್ಲ ನನಗೆ ನೆನಪಾಗುವುದು ತೋಪಲ್ಲ, ಆ ಹೊಳೆ. ಅರಮನೆ ತುಂಬ ಆಯುಧವಿದ್ದರೂ ಆ ಇಬ್ಬರು ಹೆಂಗಸರ ಪಾಲಿಗೆ ಉಳಿದದ್ದು ನೀರು.

ಚೆನ್ನಮ್ಮನ ಮಾತೂ ಅಷ್ಟೇ. 1824ರ ಅಕ್ಟೋಬರ್ 23ರಂದು ಕಿತ್ತೂರಿನಲ್ಲಿ ಥ್ಯಾಕರೆ ಸತ್ತ. ಅವನಿಗೆ ಗುಂಡು ಹೊಡೆದವನು ಅಮಟೂರ ಬಾಳಪ್ಪನೆಂದು ನಾವೆಲ್ಲ ಕೇಳಿದ್ದೇವೆ. ಚೆನ್ನಮ್ಮನ ಹಿಂದೆ ಬಾಳಪ್ಪನಿದ್ದ, ರಾಯಣ್ಣನಿದ್ದ, ಒಂದು ನಾಡೇ ಇತ್ತು. ಅವಳು ಒಬ್ಬಳೇ ಕತ್ತಲ ಓಣಿಯಲ್ಲಿ ಬ್ಯಾಗು ಅವುಚಿಕೊಂಡು ನಡೆಯಲಿಲ್ಲ. ಹಲಗಲಿಯಲ್ಲೂ ಹಾಗೇ, ಇಡೀ ಊರು ಒಂದಾಗಿ ನಿಂತಿತ್ತು. ಈಗ ನಮ್ಮ ಹುಡುಗಿಗೆ ಹೇಳುತ್ತಿರುವುದು ಏನು? ಊರು ನಿನ್ನ ಹಿಂದಿಲ್ಲ, ಪೊಲೀಸರು ಇಲ್ಲ, ದೀಪವೂ ಇಲ್ಲ, ತಗೋ ಈ ಅರ್ಧ ಕೇಜಿ, ನಿನ್ನದನ್ನು ನೀನು ನೋಡಿಕೋ. ಇದಕ್ಕೆ ಚೆನ್ನಮ್ಮನ ಹೆಸರು ಹೇಳಬೇಡಿ. ಹೇಳಿ ಅವಳನ್ನು ಸಣ್ಣವಳನ್ನಾಗಿ ಮಾಡಬೇಡಿ.

ಇನ್ನು ಮುಖ್ಯವಾದ ಮಾತಿಗೆ ಬರುತ್ತೇನೆ. ಗುಂಡು ಹಾರಿಸಬೇಕಾದ್ದು ಯಾರ ಮೇಲೆ?

ರಿವಾಲ್ವರಿನ ಜಾಹೀರಾತು ನೋಡಿದರೆ ಶತ್ರು ಯಾವಾಗಲೂ ಅಪರಿಚಿತ. ಕತ್ತಲಿನಿಂದ ಬರುತ್ತಾನೆ. ಆದರೆ ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ ವರದಿಗಳು ವರ್ಷ ವರ್ಷವೂ ಬೇರೆಯೇ ಮಾತು ಹೇಳುತ್ತವೆ. ಅತ್ಯಾಚಾರದ ಪ್ರಕರಣಗಳಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಕಡೆ ಆರೋಪಿ ಆ ಹೆಣ್ಣಿಗೆ ಗೊತ್ತಿದ್ದವನೇ. ಮಹಿಳೆಯರ ಮೇಲಿನ ಅಪರಾಧಗಳಲ್ಲಿ ಎಲ್ಲಕ್ಕಿಂತ ದೊಡ್ಡ ಪಾಲು ಗಂಡ ಮತ್ತು ಗಂಡನ ಮನೆಯವರ ಕ್ರೌರ್ಯದ್ದು. ಅಂದಮೇಲೆ ಈ ರಿವಾಲ್ವರ್ ಬ್ಯಾಗಿನಿಂದ ಮನೆಗೆ ಬಂದು ಎಲ್ಲಿ ಕೂಡುತ್ತದೆ? ಟ್ರೆಜರಿಯಲ್ಲಿ. ಟ್ರೆಜರಿಯ ಕೀಲಿಕೈ ಯಾರ ಹತ್ತಿರ ಇರುತ್ತದೆ? ನಿಮ್ಮ ನಿಮ್ಮ ಮನೆಯಲ್ಲಿ ನೀವೇ ನೋಡಿಕೊಳ್ಳಿ.

ಹೊಲದ ಉತಾರ ಹೆಂಡತಿಯ ಹೆಸರಿನಲ್ಲಿರುತ್ತದೆ, ಪೀಕಿನ ರೊಕ್ಕ ಗಂಡನ ಕಿಸೆಯಲ್ಲಿ. ಪಂಚಾಯತಿ ಸದಸ್ಯೆ ಅವಳು, ಸಭೆಯಲ್ಲಿ ಮಾತಾಡುವವನು ಅವನು. 2019ರಲ್ಲಿ ಕಾಯಿದೆ ತಿದ್ದಿ, ಒಬ್ಬರ ಹತ್ತಿರ ಮೂರು ಬಂದೂಕಿರಬಹುದಾದದ್ದನ್ನು ಎರಡಕ್ಕೆ ಇಳಿಸಿದರು. ಮೂರನೆಯದು ಬೇಕೆನ್ನುವ ಗಂಡಸಿಗೆ ಹೆಂಡತಿಯ ಹೆಸರು ಇದ್ದೇ ಇದೆಯಲ್ಲ! ಮಹಿಳೆಯರ ರಿವಾಲ್ವರ್ ಎಂಬುದು ಅಂಥ ಮನೆಯಲ್ಲಿ ಯಾರ ರಿವಾಲ್ವರ್ ಆಗುತ್ತದೆ?

ಇದನ್ನು ನಾನು ಕುಚೋದ್ಯಕ್ಕೆ ಹೇಳುತ್ತಿಲ್ಲ. ಗಜೇಂದ್ರಗಡದ ನಮ್ಮ ಅಜ್ಜಿಯ ಮನೆಯಲ್ಲಿ ಒಂದು ಜೋಡುನಳಿಗೆಯ ಬಂದೂಕಿತ್ತು. ರಜಾಕಾರರ ಹಾವಳಿಯ ಕಾಲಕ್ಕೆ, ನಿಜಾಮನ ಗಡಿ ಕೂಗಳತೆಯಲ್ಲಿದ್ದುದರಿಂದ, ಅಜ್ಜ ಅದನ್ನು ತಂದಿದ್ದರಂತೆ. 1948ರಲ್ಲಿ ಆ ಗಲಾಟೆ ಮುಗಿಯಿತು. ಅಜ್ಜ ಒಂದು ಗುಂಡೂ ಹಾರಿಸಲಿಲ್ಲ. ಆಮೇಲೆ ಪೀಕಿನ ರಕ್ಷಣೆಗೆಂದು ಲೈಸೆನ್ಸು ಮುಂದುವರಿಯಿತು. ಗೋಡೆಯ ಗೂಟಕ್ಕೆ ತೂಗಿರುತ್ತಿತ್ತು. ಚುನಾವಣೆ ಬಂದಾಗ ಪೊಲೀಸ್ ಠಾಣೆಯಲ್ಲಿಟ್ಟು ರಸೀದಿ ತರುತ್ತಿದ್ದರು. ಎಲ್ಲಕ್ಕಿಂತ ಹೆಚ್ಚು ಜಗಳ ಏಳುವ ದಿನಗಳಲ್ಲೇ ನಮ್ಮ ರಕ್ಷಣೆ ಠಾಣೆಯಲ್ಲಿ ಮಲಗಿರುತ್ತಿತ್ತು! ನಮಗೆ ಮಕ್ಕಳಿಗೆ ಆ ಖಾಲಿ ಗೂಟ ನೋಡುವುದೇ ಮೋಜು.

ಅಜ್ಜಿ ಮಾತ್ರ ಆ ಗೋಡೆಗೆ ಎಂದೂ ಬೆನ್ನು ಹಾಕಿ ಕೂಡುತ್ತಿರಲಿಲ್ಲ. ರೊಟ್ಟಿ ಬಡಿಯುವಾಗಲೂ ಮೈ ಓರೆ ಮಾಡಿ ಕೂಡುವಳು. ಯಾಕೆಂದು ನಾನು ಕೇಳಿದ್ದು ಅಜ್ಜ ತೀರಿಕೊಂಡ ಮೇಲೆ. "ನಿಮ್ಮಜ್ಜಗ ಒಂದಿನ ಸಿಟ್ಟ ಬಂದಿತ್ತವಾ. ಕೇಳದನ ನಮ್ಮ ತಂಗಿ ಮನಿಗೆ ಎರಡು ಸೇರು ಜ್ವಾಳ ಕೊಟ್ಟಿದ್ದೆ. ಅದನ್ನ ಗೂಟದಿಂದ ತಗದು ಅಡಗಿ ಮನಿ ಬಾಗಲದಾಗ ಬಂದು ನಿಂತ್ರು. ಮಾತಾಡಲಿಲ್ಲ. ನಿಂತು ಮತ್ತ ಹೊಳ್ಳಿ ಹೋಗಿ ತೂಗಹಾಕಿದ್ರು. ಅಷ್ಟ." ಅಷ್ಟೇ. ಅಜ್ಜ ಕೆಟ್ಟವರಲ್ಲ, ಊರಲ್ಲಿ ಮರ್ಯಾದಸ್ಥರು. ರಜಾಕಾರರಿಗೆಂದು ಬಂದ ಬಂದೂಕು ಒಬ್ಬ ರಜಾಕಾರನ ಮುಖವನ್ನೂ ನೋಡಲಿಲ್ಲ. ಅದು ನೋಡಿದ ಒಂದೇ ಮುಖ ನಮ್ಮಜ್ಜಿಯದು. ಆಮೇಲೆ ನಾಲ್ವತ್ತು ವರ್ಷ ಆಕೆ ಮೈ ಓರೆ ಮಾಡಿಯೇ ರೊಟ್ಟಿ ಬಡಿದಳು.

ಹುಬ್ಬಳ್ಳಿಯ ಮಾತು ಹೇಳದೆ ಮುಂದೆ ಹೋಗಲಾರೆ. 2024ರ ಏಪ್ರಿಲ್ 18ರಂದು ಅಲ್ಲಿಯ ಕಾಲೇಜೊಂದರ ಆವರಣದಲ್ಲಿ ಒಬ್ಬ ವಿದ್ಯಾರ್ಥಿನಿಯನ್ನು ಚೂರಿಯಿಂದ ಇರಿದು ಕೊಂದರು. ತಿಂಗಳು ತುಂಬುವುದರೊಳಗೆ, ಮೇ 15ರ ನಸುಕಿನಲ್ಲಿ, ಅದೇ ಊರಿನಲ್ಲಿ ಇನ್ನೊಬ್ಬ ಹುಡುಗಿಯನ್ನು ಅವಳ ಮನೆಯೊಳಗೇ ಕೊಂದರು. ಎರಡೂ ಕಡೆ ಆರೋಪಿ ಗುರುತಿನವನೇ. ಆಗಲೂ ಎಷ್ಟೋ ಜನ ಹೆಣ್ಣುಮಕ್ಕಳ ಕೈಗೆ ಆಯುಧ ಕೊಡಿ ಎಂದರು. ಆದರೆ ಎರಡನೆಯ ಹುಡುಗಿಯ ಮನೆಯವರು ಬೆದರಿಕೆ ಇದೆಯೆಂದು ಮೊದಲೇ ಪೊಲೀಸರಿಗೆ ಹೇಳಿದ್ದರು, ಅದನ್ನು ಯಾರೂ ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ ಎಂಬ ಆರೋಪ ಬಂತು. ಅದರ ಮೇಲೆ ಪೊಲೀಸರು ಅಮಾನತೂ ಆದರು. ನಿದ್ದೆಗಣ್ಣಿನ ಆ ಹುಡುಗಿಯನ್ನು ಯಾವ ಟೈಟಾನಿಯಂ ರಿವಾಲ್ವರ್ ಉಳಿಸುತ್ತಿತ್ತು? ಉಳಿಸಬಹುದಾಗಿದ್ದದ್ದು ಠಾಣೆಯಲ್ಲಿ ದೂರು ಬರೆದುಕೊಳ್ಳುವ ಒಂದು ಪೆನ್ನು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ, ಠಾಣೆಯ ರೋಗಕ್ಕೆ ಹುಡುಗಿಯ ಬ್ಯಾಗಿಗೆ ಮದ್ದು ತುಂಬಬೇಕೇ?

2013ರ ಕೇಂದ್ರ ಬಜೆಟ್ಟಿನಲ್ಲಿ ಅದೇ ನಿರ್ಭಯಾ ಹೆಸರಿನಲ್ಲಿ 1000 ಕೋಟಿ ರೂಪಾಯಿಯ ನಿಧಿ ತೆಗೆದರು. ಮೊದಲ ವರ್ಷಗಳಲ್ಲಿ ಅದರ ಬಹುಪಾಲು ಖರ್ಚಾಗದೆ ಬಿದ್ದಿತ್ತು. ದೀಪಕ್ಕೆ, ಬಸ್ಸಿಗೆ, ಠಾಣೆಗೆ ಬರಬೇಕಾದ ಹಣ ಖಜಾನೆಯಲ್ಲಿ ಮಲಗಿದ್ದಾಗ, ಅದೇ ಸರಕಾರದ ಕಾರ್ಖಾನೆ ಒಂದೂಕಾಲು ಲಕ್ಷದ ರಿವಾಲ್ವರ್ ಮಾಡಿ ನಮಗೇ ಮಾರಲು ಬಂತು. ರಕ್ಷಣೆ ಕೊಡಬೇಕಾದವರು ರಕ್ಷಣೆಯ ಅಂಗಡಿ ಇಟ್ಟರೆ ನಾವು ಏನೆನ್ನಬೇಕು?

ಹಾಗಂತ ಹೆಣ್ಣು ಕೈಕಟ್ಟಿ ಕೂಡಲಿ ಎಂದು ನಾನು ಹೇಳುತ್ತಿಲ್ಲ. ಅತ್ಯಾಚಾರಕ್ಕೆ, ಆಸಿಡ್ ದಾಳಿಗೆ ಬಂದವನನ್ನು ತಡೆಯುವಾಗ ಅವನ ಪ್ರಾಣ ಹೋದರೂ ಅದು ಆತ್ಮರಕ್ಷಣೆಯ ಹಕ್ಕೆಂದು ಹಳೆಯ ಕಾನೂನು ಹೇಳುತ್ತಿತ್ತು. 2024ರ ಜುಲೈಯಿಂದ ಬಂದ ನ್ಯಾಯ ಸಂಹಿತೆಯೂ ಹೇಳುತ್ತದೆ. ಆ ಹಕ್ಕನ್ನು ಪ್ರತಿ ಹುಡುಗಿಯೂ ತಿಳಿದಿರಬೇಕು. ಕೊಡಗಿನಲ್ಲಿ ಕೈಲ್‌ಪೊಳ್ದ್ ಹಬ್ಬದಲ್ಲಿ ಬಂದೂಕಿಗೆ ಪೂಜೆ ಮಾಡುತ್ತಾರೆ, ತೆಂಗಿನಕಾಯಿಗೆ ಗುರಿಯಿಡುವ ಆಟದಲ್ಲಿ ಹೆಂಗಸರೂ ನಿಲ್ಲುತ್ತಾರೆ. ಅಲ್ಲಿ ಅದು ತಲೆಮಾರುಗಳಿಂದ ಕಲಿತ ಶಿಸ್ತು. ನಿಜವಾದ ಅಪಾಯವಿರುವ, ಕಲಿಯುವ ಮನಸ್ಸಿರುವ ಹೆಣ್ಣುಮಗಳು ಲೈಸೆನ್ಸು ಕೇಳಿದರೆ, ಹೆಣ್ಣೆಂಬ ಕಾರಣಕ್ಕೆ ಬೇಡವೆನ್ನುವ ಹಕ್ಕೂ ಯಾರಿಗೂ ಇಲ್ಲ. ನನ್ನ ಜಗಳ ಅವಳೊಂದಿಗಲ್ಲ. ಅವಳ ಬ್ಯಾಗಿನಲ್ಲಿ ಒಂದು ರಿವಾಲ್ವರ್ ಇಟ್ಟು, ನಮ್ಮ ಕೆಲಸ ಮುಗಿಯಿತೆಂದು ಕೈತೊಳೆದುಕೊಳ್ಳುವವರೊಂದಿಗೆ.

ಅಷ್ಟು ಹೊತ್ತೂ ಜೋಕಾಲಿಯ ಹಗ್ಗ ಹಿಡಿದು ಕೇಳುತ್ತ ನಿಂತಿದ್ದ ತಮ್ಮನ ಮಗಳು ಬಾಯಿ ಬಿಟ್ಟಳು. "ಅಪ್ಪಾ, ಅದನ್ನ ನೀನ ಇಟಗೋ. ನನಗ ಬಸ್ಸ್ಟಾಪಿನಿಂದ ಅತ್ತಿ ಮನಿ ತನಕಾ ಐದು ಲೈಟು ಬೇಕು. ಐದೂ ಕೆಟ್ಟಾವು. ಅವನ್ನ ಹಚ್ಚಸ್ರಿ ಸಾಕು."

ನನಗೆ ನಾಚಿಕೆಯಾಯಿತು. ಇಷ್ಟು ಮಾತಾಡುವ ನಾನು ಆ ಓಣಿಯಲ್ಲಿ ಇಪ್ಪತ್ತು ವರ್ಷದಿಂದ ಇದ್ದೇನೆ, ಕಂಬಗಳನ್ನು ಒಮ್ಮೆಯೂ ಎಣಿಸಿರಲಿಲ್ಲ. ಹಬ್ಬ ಮುಗಿಸಿ ಹೋದ ಮೇಲೆ ಓಣಿಯ ಹೆಂಗಸರೆಲ್ಲ ಕೂಡಿ ಅರ್ಜಿ ಬರೆದೆವು. ಕಿರಾಣಿ ಅಂಗಡಿಯವರ ಹೆಂಡತಿಯದೇ ಮೊದಲ ಸಹಿ. ಮೂರು ಸಲ ಅಲೆದಾಡಿದ ಮೇಲೆ ಎರಡು ದೀಪ ಹತ್ತಿವೆ. ಇನ್ನೂ ಮೂರು ಬಾಕಿ. ಸೋಮವಾರ ಮತ್ತೆ ಹೋಗುವವರಿದ್ದೇವೆ. ಈ ಸಲ ಹುಡುಗಿಯೂ ರಜೆ ಹಾಕಿ ಬರುತ್ತೇನೆಂದಿದ್ದಾಳೆ.